ಅರಗು ಒಡೆಯದ ಡಬ್ಬಿ

ಡಾಕ್ಟರಮ್ಮ,

ಇತ್ತ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಅತ್ತ ಹೇಗಿದ್ದೀರಿ ಎಂದು ಕೇಳಿದರೆ ನೀವು ನಕ್ಕುಬಿಡುತ್ತೀರಿ. ಬರುವ ತಿಂಗಳಿಗೆ ನೀವು ಹೋಗಿ ವರ್ಷವಾಗುತ್ತದೆ. ಹೋಗುವ ಮೊದಲು ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಅದನ್ನು ಬರೆದುಬಿಡೋಣ ಎಂದು ಎಷ್ಟು ಸಲ ಕೂತೆನೋ, ಎಷ್ಟು ಸಲ ಎದ್ದೆನೋ. ಇವತ್ತು ರಜೆ ಹಾಕಿ ಬಾಡ ಊರಿನ ನನ್ನ ಮನೆಯ ಜಗಲಿಯಲ್ಲಿ ಕಾಗದ ಹಿಡಿದು ಕೂತಿದ್ದೇನೆ. ಇವತ್ತೂ ಬರೆಯದಿದ್ದರೆ ನನಗೆ ತಲೆ ಕೆಡುತ್ತದೆ.

ಮೊದಲ ಸಲ ಆ ಇಂಗ್ಲಿಷ್ ಜೆರಾಕ್ಸ್ ನೋಡಿದ್ದು ಬಸ್ಸಿನಲ್ಲಿ, ನೆನಪಿದೆಯಾ? ಹೊನ್ನಾವರ ಬಿಟ್ಟು ಭಟ್ಕಳಕ್ಕೆ ಹೊರಟಿದ್ದೆವು. ಶರಾವತಿ ಸೇತುವೆಯ ಮೇಲೆ ಗಾಳಿಗೆ ಹಾಳೆಗಳು ಹಾರತೊಡಗಿ ನಾನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದೆ. ನೀವು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಕುಮಟೆಯಲ್ಲಿ ನೆಲೆಸಿದ ಹೊಸತು. ನಾನು ಮೂರು ತಾಲೂಕಿನ ಸಣ್ಣಪುಟ್ಟ ಆಸ್ಪತ್ರೆಗಳನ್ನು ಸುತ್ತಿ ತಪ್ಪು ಹುಡುಕುವ ಮೇಲ್ವಿಚಾರಣೆಯ ನರ್ಸು. ಬಸುರಿನಲ್ಲಿ ನಂಜೇರಿ ಸೆಳವು ಬಂದ ಹೆಂಗಸರಿಗೆ ಯಾವ ಇಂಜೆಕ್ಷನ್ ಕೊಟ್ಟರೆ ಹೆಚ್ಚು ಜನ ಉಳಿಯುತ್ತಾರೆ ಎಂದು ಬೇರೆ ಬೇರೆ ದೇಶದವರು ಸೇರಿ ಕಂಡುಕೊಂಡದ್ದು ಆ ಹಾಳೆಗಳಲ್ಲಿತ್ತು. ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಸಾದಾ ಔಷಧಿ. ನೀವು ಕಿಟಕಿಯಿಂದ ಹೊಳೆ ನೋಡುತ್ತ ಹೇಳಿದಿರಿ: "ಗಂಗೆ, ಎಲ್ಲೆಲ್ಲಿಯೋ ಬಸುರಿ ಹೆಂಗಸರು ತಮ್ಮ ಮೈ ಕೊಟ್ಟು ಇದನ್ನ ನಮಗೆ ತಿಳಿಸಿಕೊಟ್ಟಿದಾರೆ. ಉತ್ತರ ಸಿಕ್ಕಿ ವರ್ಷಗಟ್ಟಲೆ ಆತು. ಅದಕ್ಕೆ ಈ ಒಂದು ಸೇತುವೆ ದಾಟೂಕೆ ಎಂತ ಅಡ್ಡಿ ಮಾರಾಯ್ತಿ?"

ಅಡ್ಡಿ ಎಂತದು ಎಂದು ಆಗ ನನಗೆ ಗೊತ್ತಿರಲಿಲ್ಲ. ಅದು ನಿಮ್ಮ ಪಕ್ಕದಲ್ಲೇ ಕೂತಿತ್ತು.

ಡಬ್ಬಿಗಳಿಗೆ ಬಣ್ಣ ಬಳಿಸಿದ ದಿನ ನಾವಿಬ್ಬರೂ ಎಷ್ಟು ನಕ್ಕಿದ್ದೆವು! ಅವಲಕ್ಕಿ ತುಂಬಿಡುವಂಥ ತಗಡಿನ ಡಬ್ಬಿಗಳು. ಒಂದೊಂದರಲ್ಲೂ ಒಬ್ಬಳಿಗೆ ಬೇಕಾಗುವಷ್ಟು ಔಷಧಿ, ಸಿರಿಂಜು, ಸೂಜಿ, ಹತ್ತಿ, ಮತ್ತು ನೀವು ಕನ್ನಡದಲ್ಲಿ ಬರೆದ ಒಂದು ಹಾಳೆ. ದೋಣಿಗಳಿಗೆ ಹೆಸರು ಬರೆಯುವವನನ್ನು ಕರೆಸಿ ಮುಚ್ಚಳದ ಮೇಲೆ ಕೆಂಪಕ್ಷರದಲ್ಲಿ ಬರೆಸಿದಿರಿ: ಮೊದಲು ಚುಚ್ಚು, ಆಮೇಲೆ ಕಳಿಸು. ಅವನು ರೂಢಿಯಂತೆ ಎರಡು ಪಕ್ಕಕ್ಕೂ ಒಂದೊಂದು ಮೀನು ಬರೆದುಬಿಟ್ಟ. ನಾನು ಬೈಯಲು ಹೋದರೆ ನೀವು ತಡೆದು, "ಇರಲಿ ಬಿಡೇ, ಮೀನು ಕಂಡ್ರೆ ನಮ್ಮವರು ಹೆದರೂದಿಲ್ಲ" ಎಂದಿರಿ. ದೊಡ್ಡ ಆಸ್ಪತ್ರೆಗೆ ಕಳಿಸುವುದು ನಮ್ಮ ಸಣ್ಣ ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತಿತ್ತು. ಕಳಿಸುವ ಮೊದಲು ಚುಚ್ಚುವುದೊಂದೇ ಕಲಿಯಬೇಕಿತ್ತು. ಅಷ್ಟೇ ಕೆಲಸ. ಅಷ್ಟಕ್ಕಾಗಿ ನೀವು ಆ ವಯಸ್ಸಿನಲ್ಲಿ, ಮಂಡಿನೋವು ಕಟ್ಟಿಕೊಂಡು, ಬಸ್ಸಿನಲ್ಲಿ ಊರೂರು ತಿರುಗಿ ಪಾಠ ಹೇಳಿದಿರಿ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧಕ್ಕರ್ಧ ಡಬ್ಬಿಗಳಿಂದ ಸಿರಿಂಜು ಮಾಯವಾಗಿದ್ದವು. ಬೇರೆ ಕೆಲಸಕ್ಕೆ ತೆಗೆದು ಮರಳಿ ಇಟ್ಟಿರಲಿಲ್ಲ. ಆಗ ಅರಗಿನ ಉಪಾಯ ಹೂಡಿದ್ದು ನಾನು. ಪೋಸ್ಟಿನ ಪಾರ್ಸೆಲ್ಲಿಗೆ ಹಾಕುತ್ತಾರಲ್ಲ, ಹಾಗೆ ಮುಚ್ಚಳದ ಸಂದಿಗೆ ಪಟ್ಟಿ ಕಟ್ಟಿ, ಕೆಂಪು ಅರಗು ಕರಗಿಸಿ ಹಾಕಿ, ಪಕ್ಕದಲ್ಲಿ ನನ್ನ ಸಹಿ. ನೀವು ಅರಗನ್ನು ಉಗುರಿನಿಂದ ಕೆರೆದು ನೋಡಿ, "ಡಬ್ಬಿ ತುಂಬಿರೂದು ಮುಖ್ಯ, ಖರೆ. ಆದ್ರೆ ಒಡೆಯೂಕೆ ಹೆದರಬಾರ್ದು ಮತ್ತೆ" ಎಂದಿರಿ. ಮೊದಲ ಅರ್ಧ ನನ್ನ ಕಿವಿಗೆ ಬಿತ್ತು. ಮರುತಿಂಗಳಿಂದ ನಾನು ಆಸ್ಪತ್ರೆಗೆ ಹೋದರೆ ಬಾಗಿಲಲ್ಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: ಅರಗು ಸರಿ ಇದೆಯಾ? ಸರಿ ಇದ್ದವರಿಗೆ ನಗು, ಇಲ್ಲದವರಿಗೆ ಮಂಗಳಾರತಿ.

ಮಾದೇವಿಗೆ ಬೈದದ್ದನ್ನು ನಿಮಗೆ ನಾನೇ ಹೆಮ್ಮೆಯಿಂದ ಹೇಳಿದ್ದೆ. ಭಟ್ಕಳದ ಕಡೆ ಕಡಲಬದಿಯ ಒಂದು ಸಣ್ಣ ಆಸ್ಪತ್ರೆಯ ನರ್ಸು ಅವಳು. ಕೆಲಸಗಾತಿ, ಬಾಯಿ ಕಡಿಮೆ. ಮುದುಕನೊಬ್ಬನ ಪಾದಕ್ಕೆ ತುಕ್ಕು ಹಿಡಿದ ಗಾಳ ಹೊಕ್ಕಿತ್ತು. ಆಸ್ಪತ್ರೆಯಲ್ಲಿ ಸಿರಿಂಜು ಮುಗಿದಿತ್ತು. ಇವಳು ಡಬ್ಬಿಯ ಅರಗು ಒಡೆದು ಒಂದು ಸಿರಿಂಜು ತೆಗೆದು ಅವನಿಗೆ ಇಂಜೆಕ್ಷನ್ ಕೊಟ್ಟಳು. ನಾನು ರೋಗಿಗಳ ಎದುರೇ, "ಇದು ನಿನ್ನ ಅಡಿಗೆಮನೆ ಡಬ್ಬಿ ಅಲ್ಲ, ಬೇಕಾದಾಗ ಕೈ ಹಾಕೂಕೆ" ಎಂದು ಕೂಗಾಡಿದೆ. ಮೇಲಿನವರಿಗೆ ಬರೆದೆ. ಅವಳಿಗೆ ಮೆಮೊ ಬಂತು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿ, ಬುದ್ಧಿ ಬಂತು ಅಂದುಕೊಂಡೆ. ಎಂಥಾ ಬುದ್ಧಿ ಕಲಿಸಿದೆನಲ್ಲ ಡಾಕ್ಟರಮ್ಮ!

ಆ ವರ್ಷದ ಆಯುಧಪೂಜೆಯ ಮರುದಿನ ಹೊನ್ನಾವರದ ಕಡೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಸ್ಟೆತಸ್ಕೋಪು, ಕತ್ತರಿಗಳ ಸಾಲಿನಲ್ಲಿ ನಮ್ಮ ಡಬ್ಬಿಯನ್ನೂ ಇಟ್ಟು ಪೂಜೆ ಮಾಡಿದ್ದರು. ಎರಡು ಮೀನುಗಳ ನಡುವೆ ಕುಂಕುಮದ ಬೊಟ್ಟು, ಅರಗಿನ ಮೇಲೆ ಸೇವಂತಿಗೆ ಹೂವು. ಒಂದಿಷ್ಟೂ ಧೂಳಿಲ್ಲ. ನನಗೆ ಕಣ್ಣು ತುಂಬಿ ಬಂತು, ಇಷ್ಟು ಭಕ್ತಿ ಇಟ್ಟಿದಾರಲ್ಲ ಎಂದು. ನಿಮಗೆ ಬಂದು ವರ್ಣಿಸಿದೆ. ನೀವು ನಗಲಿಲ್ಲ. "ಆಪದಲ್ಲ ಹೋಪದಲ್ಲ" ಎಂದು ನಿಮ್ಮ ಮನೆಮಾತಿನಲ್ಲಿ ಗೊಣಗಿದಿರಿ, ಇದು ಆಗಹೋಗುವ ಕೆಲಸವಲ್ಲ ಎಂದು. ಮುಂದಿನ ವಾರವೇ ಎಲ್ಲರನ್ನೂ ಕರೆದು ಮತ್ತೊಮ್ಮೆ ಕಲಿಸಬೇಕು ಎಂದಿರಿ. ಆ ವಾರ ನಿಮಗೆ ಹೊಟ್ಟೆನೋವು ಶುರುವಾಯಿತು. ಅಲ್ಲಿಂದ ನೀವು ಏಳಲೇ ಇಲ್ಲ.

ಈಗ ಪದ್ಮಳ ವಿಷಯ.

ಅವಳು ಕುಮಟೆಯ ದೊಡ್ಡ ಆಸ್ಪತ್ರೆಯ ವಾರ್ಡಿಗೆ ಬಂದದ್ದು ನೀವು ಹಾಸಿಗೆ ಹಿಡಿದ ಮೇಲೆ, ಒಂದು ದಿನ ಮಧ್ಯಾಹ್ನ ಕಳೆದು. ನಾನು ಅಲ್ಲಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ತೆಂಗಿನಗುಂಡಿಯ ಹುಡುಗಿ, ಚೊಚ್ಚಲು, ಗಂಡ ದೋಣಿಯ ಮೇಲಿದ್ದ. ಬೆಳಿಗ್ಗೆ ತಲೆನೋವು, ಕಣ್ಣು ಮಂಜು ಅಂದವಳಿಗೆ ಗಂಜಿ ಉಣ್ಣುವಾಗ ಮೊದಲ ಸೆಳವು ಬಂತಂತೆ. ಅತ್ತೆ ನೆರೆಮನೆಯ ಗಫೂರ್ ಭಾಯಿಯನ್ನು ಕೂಗಿದಳು. ಅವರು ಆ ಕ್ಷಣವೇ ವ್ಯಾನು ತೆಗೆದರು. ಅವರು ಯಾರೂ ದೇವರಲ್ಲಿ ಕೇಳಿಸುತ್ತ, ನಿಂಬೆಹಣ್ಣು ಇಳಿಸುತ್ತ ಕೂರಲಿಲ್ಲ, ಡಾಕ್ಟರಮ್ಮ. ನಾವು ವರ್ಷಗಟ್ಟಲೆ ಊರೂರಿಗೆ ಹೋಗಿ ಹೇಳಿದ್ದನ್ನು ಆ ಹೆಂಗಸು ಅಕ್ಷರಶಃ ಪಾಲಿಸಿದ್ದಳು: ಸೆಳವು ಬಂದರೆ ತಡಮಾಡಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಹತ್ತಿರದ ಆಸ್ಪತ್ರೆ ಮಾದೇವಿಯದು. ಅಲ್ಲಿ, ಮುಂದೆ ಕರ್ಕೊಂಡು ಹೋಗಿ ಅಂದರು. ಅವಳ ತವರು ಕುಮಟೆಯ ಕಡೆ, ಹಾಗಾಗಿ ಗಾಡಿ ಬಡಗಣ ದಿಕ್ಕಿಗೆ ತಿರುಗಿತು. ಹೊನ್ನಾವರದ ಹತ್ತಿರ ಮತ್ತೆ ಸೆಳವು ಬಂದು ಇನ್ನೊಂದು ಕಡೆ ನಿಲ್ಲಿಸಿದರು. ಅದೇ, ಸೇವಂತಿಗೆ ಹೂವಿಟ್ಟವರ ಆಸ್ಪತ್ರೆ. ಅಲ್ಲೂ ಒಳಗೆ ತೆಗೆದುಕೊಳ್ಳದೆ, ಇಲ್ಲಿ ಆಗೂದಿಲ್ಲ, ಮುಂದೆ ಹೋಗಿ ಎಂದರು.

ಮುಂದೆ, ಮುಂದೆ. ಭಟ್ಕಳದಿಂದ ಕುಮಟೆಯ ತನಕ ಎಷ್ಟು ಉದ್ದದ ರಸ್ತೆ ನಮ್ಮದು!

ವಾರ್ಡಿನಲ್ಲಿ ನಾನೇ ಆ ಇಂಜೆಕ್ಷನ್ ತುಂಬಿ ಕೊಟ್ಟೆ. ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರು. ಆದರೆ ಅವಳ ನಾಲಿಗೆ ಕಚ್ಚಿಹೋಗಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಹೊಟ್ಟೆಯಲ್ಲಿ ಮಗು ಆಗಲೇ ಹೋಗಿತ್ತು. ಸಂಜೆ ದೀಪ ಹಚ್ಚುವ ಮೊದಲು ಅವಳೂ ಹೋದಳು. ಹೊರಗೆ ಗಫೂರ್ ಭಾಯಿ ವ್ಯಾನಿಗೆ ಒರಗಿ ನಿಂತಿದ್ದರು. "ಬಾಯೋರೆ, ನಾನು ಒಂದು ಬ್ರೇಕ್ ಜಾಸ್ತಿ ಒತ್ತಲಿಲ್ಲ. ಎರಡು ಕಡೆ ನಿಲ್ಸಿದೆ. ಎರಡೂ ಕಡೆ ಅವರು ಕೈ ತೋರ್ಸಿದ್ದು ರಸ್ತೆಗೇ" ಎಂದರು. ಅತ್ತೆ ನನ್ನ ಸೆರಗು ಹಿಡಿದುಕೊಂಡಳು. "ನಮ್ಮಿಂದ ಎಂತಾದ್ರೂ ತಪ್ಪಾತಾ ಬಾಯೋರೆ? ನೀವು ಹೇಳ್ದಂಗೇ ಮಾಡಿದ್ವಲೆ?" ನಿಮ್ಮ ತಪ್ಪಲ್ಲ ಎಂದೆ. ಯಾರ ತಪ್ಪು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ...

ಮರುದಿನ ಮೊದಲ ಬಸ್ಸಿಗೆ ಮಾದೇವಿಯ ಬಳಿ ಹೋದೆ. ಸಿಟ್ಟಿನಲ್ಲಿ ಮೈ ಉರಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಕಪಾಟಿನಿಂದ ಡಬ್ಬಿ ತಂದು ನನ್ನ ಮುಂದಿಟ್ಟಳು. "ಅರಗು ಒಡ್ದಿಲ್ಲ ಬಾಯೋರೆ. ನೀವೇ ನೋಡಿ" ಎಂದಳು. ನಾನು ಅದಕ್ಕೇ ಬಂದದ್ದು ಎಂದುಕೊಂಡಿದ್ದಳು, ಡಾಕ್ಟರಮ್ಮ! ಕೆಂಪು ಅರಗು ಹಾಗೇ ಇತ್ತು. ಪಕ್ಕದಲ್ಲಿ ನನ್ನ ಸಹಿ. ನಿನ್ನೆ ಬಂದ ಬಸುರಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದೆ. ಅವಳು ನೆಲ ನೋಡುತ್ತ, "ಸೆಳವು ಹೌದೋ ಅಲ್ವೋ ಹೇಳಿ ಗುಮಾನಿ ಬಂತು. ಒಡ್ದ ಮೇಲೆ ಅಲ್ಲ ಹೇಳಿ ಆದ್ರೆ? ನೀವು ಮತ್ತೆ ಬರೀತ್ರಿ. ಮುಂದಿನವ್ರು ಹ್ಯಾಂಗೂ ಕೊಡ್ತ್ರು ಅಂದ್ಕಂಡೆ" ಎಂದಳು. ಆಮೇಲೆ ತಲೆಯೆತ್ತಿ, "ಅವಳು ಹ್ಯಾಂಗಿದ್ದಾಳೆ ಈಗ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ಡಬ್ಬಿಯನ್ನು ಎದೆಗವಚಿಕೊಂಡು ಅಲ್ಲೇ ನೆಲಕ್ಕೆ ಕೂತಳು. ಅವಳಿಗೆ ಬೈಯಲು ಹೋದವಳು ನಾನು. ಬೈಯಿಸಿಕೊಳ್ಳಬೇಕಾದವಳೂ ನಾನೇ ಎಂದು ಹೇಳಲಾಗದೆ ಎದ್ದು ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಮೂರು ತಾಲೂಕಿಗೆ ಆ ಪೂಜಾರಿ ಯಾರು ಎಂದು ನನಗೆ ಅವತ್ತು ತಿಳಿಯಿತು.

ನಿಮ್ಮನ್ನು ಕೊನೆಯ ಸಲ ಮಾತಾಡಿಸಿದ್ದು ಅದಾಗಿ ಹತ್ತು ಹನ್ನೆರಡು ದಿನಕ್ಕೆ. ನೀವು ಮಂಚಕ್ಕೆ ಅಂಟಿಹೋಗಿದ್ದಿರಿ. ನಿಮ್ಮ ತಂಗಿ ಚಮಚದಲ್ಲಿ ಎಳನೀರು ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಕೇಳಿದಿರಿ, "ಡಬ್ಬಿಗಳು?" ನಾನು, "ಎಲ್ಲ ತುಂಬಿವೆ ಅಮ್ಮ" ಎಂದೆ. ನೀವು ನನ್ನನ್ನೇ ನೋಡಿದಿರಿ. ನನ್ನೊಡನೆ ಎಂದೂ ನೇರವಾಗಿ ಆಡದ ಮನೆಮಾತು ನಿಮ್ಮ ಬಾಯಿಗೆ ಬಂತು. "ಒಂದೂ ಒಡೆದಿದ್ದಿಲ್ಯಾ?" ಇಲ್ಲ ಎಂದು ತಲೆಯಾಡಿಸಿದೆ. "ಮೂರು ತಾಲೂಕಲ್ಲಿ ಒಬ್ಬಳಿಗೂ ಸೆಳವು ಬರಲಿಲ್ವಾ ಗಂಗೆ?" ಆಗ ಹೇಳಿದೆ ಆ ಸುಳ್ಳನ್ನು. "ಅಂಥ ಕೇಸೇ ಬಂದಿಲ್ಲ ಅಮ್ಮ." ನೀವು ಗೋಡೆಯ ಕಡೆ ತಿರುಗಿದಿರಿ. ಆಯಾಸವಾಗಿದೆ ಎಂದು ನಿಮ್ಮ ತಂಗಿ ನನ್ನನ್ನು ಹೊರಗೆ ಕರೆತಂದರು. ನಾಲ್ಕು ದಿನ ಬಿಟ್ಟು ನೀವಿರಲಿಲ್ಲ.

ನಿಮಗೆ ಗೊತ್ತಾಗಿತ್ತಾ? ಹೇಳಿ ಅಮ್ಮ, ಗೊತ್ತಾಗಿತ್ತಾ? ಗೋಡೆಯ ಕಡೆ ತಿರುಗಿದ್ದು ನೋವಿಗಾ, ನನ್ನ ಮುಖ ನೋಡಲಾಗದೆಯಾ? ನಾನು ನಿಮ್ಮ ನೆಮ್ಮದಿಗೆಂದು ಸುಳ್ಳು ಹೇಳಿದೆ ಎಂದು ಊರಿಗೆಲ್ಲ ಹೇಳಬಹುದು. ನಿಮಗೆ ಹೇಳಲಾರೆ. ನನ್ನ ಅರಗು, ನನ್ನ ಸಹಿ, ನನ್ನ ಬೈಗುಳ ಹೊರಬೀಳುತ್ತದೆ ಎಂಬ ಹೆದರಿಕೆಗೆ ಹೇಳಿದೆ. ಒಂದು ಹಿಡಿ ಸಿಟ್ಟು ನಿಮ್ಮ ಮೇಲೂ ಇದೆ. ಅಷ್ಟು ಓದಿದವರು ನೀವು. ಅರಗು ಹಾಕಿದ ದಿನವೇ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹೊಳೆಗೆ ಎಸೆಯಬಾರದಿತ್ತೇ?

ಹೋದ ವಾರದ ಮೀಟಿಂಗಿನಲ್ಲಿ ಆ ಸುಳ್ಳು ನನ್ನೆದುರು ಬಂದು ಕೂತಿತು. ಹೊಸದಾಗಿ ಬಂದ ಮೇಲಿನ ಸಾಹೇಬರು ಅದೇ ಸುಳ್ಳನ್ನು ನಾನು ಕೈಯಾರೆ ಬರೆದು ಕಳಿಸಿದ್ದ ವರದಿ ಹಿಡಿದು ಓದಿದರು: "ಬಳಸುವ ಸಂದರ್ಭ ಬಂದಿಲ್ಲ." ಕೇಸೇ ಇಲ್ಲವೆಂದ ಮೇಲೆ ಡಬ್ಬಿ ಯಾಕೆ, ತಿಂಗಳ ಕೊನೆಯೊಳಗೆ ಎಲ್ಲ ವಾಪಸು ತರಿಸಿ ಎಂದರು. ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಇದ್ದದ್ದನ್ನು ನಂಬಿದರು, ಅಷ್ಟೇ. "ಯಾರಿಗಾದ್ರೂ ಹೇಳೂದಿದೆಯಾ?" ಎಂದು ಎರಡು ಸಲ ಕೇಳಿದರು. ಹಿಂದಿನ ಸಾಲಿನಲ್ಲಿ ಮಾದೇವಿ ಕೂತಿದ್ದಳು. ಪದ್ಮಳ ಹೆಸರು ನನ್ನ ನಾಲಿಗೆಯ ತುದಿಗೆ ಬಂತು. ಎದ್ದು ನಿಂತೆ ಕೂಡ. ಫ್ಯಾನು ಜೋರು ಮಾಡಲು ಎದ್ದೆ ಅಂದುಕೊಂಡು ಯಾರೋ ಸ್ವಿಚ್ಚು ಒತ್ತಿದರು. ನಾನು ಕೂತುಬಿಟ್ಟೆ. ಹೀಗೆ ಎರಡನೇ ಸಲವೂ ಬಾಯಿ ಮುಚ್ಚಿಕೊಂಡೆ, ಡಾಕ್ಟರಮ್ಮ. ನೀವು ಸತ್ತದ್ದು ಒಂದು ಸಲ. ನಿಮ್ಮ ಕೆಲಸವನ್ನು ನಾನು ಎಷ್ಟು ಸಲ ಸಾಯಿಸಬೇಕು?

ಮೀಟಿಂಗು ಮುಗಿಸಿ ಕುಮಟೆಯ ಬಸ್ ಸ್ಟ್ಯಾಂಡಿಗೆ ಬಂದವಳು ಬಾಡದ ಬಸ್ಸು ಹತ್ತಲಿಲ್ಲ. ಭಟ್ಕಳದ ಬಸ್ಸು ಹತ್ತಿದೆ. ಅವತ್ತು ಮತ್ತು ಮರುದಿನ, ಸಂತೆಗುಳಿಯಿಂದ ತೆಂಗಿನಗುಂಡಿಯ ತನಕ ಕೈಗೆ ಸಿಕ್ಕಷ್ಟು ಡಬ್ಬಿಗಳ ಅರಗನ್ನು ತರಕಾರಿ ಹೆಚ್ಚುವ ಚಾಕುವಿನಲ್ಲಿ ನಾನೇ ಎಬ್ಬಿಸಿದೆ. ಮಾದೇವಿ ನನ್ನ ಕೈ ಹಿಡಿದುಕೊಂಡಳು. "ಬ್ಯಾಡ ಬಾಯೋರೆ, ನಂಗೆ ಮತ್ತೆ ಮೆಮೊ ಬತ್ತದೆ." ಮುಚ್ಚಳದ ಮೇಲೆ, ಮೀನಿನ ಪಕ್ಕ, ಒಡೆದವಳು ಗಂಗೆ ಎಂದು ಪೆನ್ನಿನಲ್ಲಿ ಬರೆದು ಸಹಿ ಹಾಕಿದೆ. ಆಮೇಲೆ ಅವಳಿಂದಲೇ ಖಾಲಿ ಸಿರಿಂಜಿಗೆ ನೀರು ತುಂಬಿಸಿ, ಎಲ್ಲಿ ಚುಚ್ಚಬೇಕು, ಎಷ್ಟು ಆಳ, ನಿಮ್ಮ ಹಾಳೆ ನೋಡುತ್ತ ಮತ್ತೆ ಮತ್ತೆ ಮಾಡಿಸಿದೆ. ಅವಳು ಸಿರಿಂಜು ಕೆಳಗಿಟ್ಟು, "ತಪ್ಪಾದ್ರೆ?" ಎಂದಳು. "ಸೆಳವು ಕಂಡ್ರೆ ಕೊಡು. ತಪ್ಪಾದ್ರೆ ನನ್ನ ಹೆಸರು ಹೇಳು. ಸುಮ್ನೆ ಕಳಿಸಿದ್ರೆ ಮಾತ್ರ ನಿನ್ನ ಹೆಸರು" ಎಂದೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು, ಗೊತ್ತು. ಪದ್ಮಳಿಗೆ ಅದರಿಂದ ಏನೂ ಆಗುವುದಿಲ್ಲ.

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಎಸ್‌ಟಿಡಿ ಬೂತಿನಿಂದ ಮಾದೇವಿಯ ಫೋನು ಬಂತು. "ಬಾಯೋರೆ, ಕೊಟ್ಟೆ. ಕೊಟ್ಟೇ ಕಳ್ಸಿದೆ" ಎಂದಳು. ಗಫೂರ್ ಭಾಯಿಯ ವ್ಯಾನೇ ಅಂತೆ. ಎಲ್ಲೂ ನಿಲ್ಲಿಸದೆ ಕುಮಟೆಗೆ ಬಂದರು. ಆ ಬಸುರಿಯ ಹೆಸರು ಜೈನಾಬಿ, ಇದು ಮೂರನೇ ಬಸುರು. ದಾರಿಯಲ್ಲಿ ಮತ್ತೆ ಸೆಳವು ಬರಲಿಲ್ಲ. ಹೆರಿಗೆ ಮಾಡಿಸಿದರು, ಹೆಣ್ಣು ಮಗು, ಅಳು ಸಣ್ಣದು. ತಾಯಿ ಇನ್ನೂ ಕಣ್ಣು ಬಿಟ್ಟಿಲ್ಲ. ಬಿಡುತ್ತಾಳೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಅವಳ ಕೈ ಹಿಡಿದು ಕೂತಿದ್ದೆ. ಬಿಸಿ ಇತ್ತು. ನನಗೆ ಪ್ರಾರ್ಥನೆ ಬರಲಿಲ್ಲ. ಅವಳ ತಾಯಿ ಅವರ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ಅದರ ಹಿಂದೆ ನನ್ನದನ್ನೂ ಸೇರಿಸಿದೆ.

ಈ ಕಾಗದದ ಜೊತೆ ಇನ್ನೊಂದನ್ನೂ ಬರೆದಿದ್ದೇನೆ, ಸಾಹೇಬರಿಗೆ. ಬಳಸುವ ಸಂದರ್ಭ ಬಂದಿತ್ತು, ಅವಳ ಹೆಸರು ಪದ್ಮಾ, ಎರಡು ಡಬ್ಬಿಗಳ ಎದುರು ಹಾದುಹೋದಳು, ಒಡೆಯದಂತೆ ಹೆದರಿಸಿದವಳು ನಾನು, ವರದಿ ಸುಳ್ಳು, ಬರೆದವಳೂ ನಾನು. ನನ್ನ ಕೆಲಸ ತೆಗೆದರೆ ತೆಗೆಯಲಿ, ಡಬ್ಬಿ ತೆಗೆಯಬೇಡಿ. ಇಷ್ಟೇ. ನಾಳೆ ಬೆಳಿಗ್ಗೆ ಕೈಯಾರೆ ಕೊಡುತ್ತೇನೆ, ಕೂತುಬಿಡುವುದಿಲ್ಲ. ಅಲ್ಲಿಂದ ತೆಂಗಿನಗುಂಡಿಗೆ, ಪದ್ಮಳ ಅತ್ತೆಯ ಮನೆಗೆ. ಅವಳು ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ಹೇಳಬೇಕು. ಸಾಹೇಬರಿಗಿಂತ ಅವಳ ಹೆದರಿಕೆಯೇ ನನಗೆ ಹೆಚ್ಚು.

ನೀವು ಆ ಕಡೆ ತಿರುಗುವ ಮೊದಲು ಕೇಳಿದ್ದಿರಲ್ಲ ಅಮ್ಮ, ಒಂದೂ ಒಡೆದಿಲ್ಲವಾ ಎಂದು. ಈಗ ಒಮ್ಮೆ ಇತ್ತ ತಿರುಗಿ. ಒಂದು ಖಾಲಿಯಾಗಿದೆ.

ನಿಮ್ಮ
ಗಂಗೆ